ರುಖ್ಮಾಬಾಯಿ ಮೊಕದ್ದಮೆ ಮತ್ತು ಇಂದಿನ ಕಲಂ 9

ಗಂಡನ ಮನೆಗೆ ಹೋಗಬೇಕು, ತಪ್ಪಿದರೆ ಆರು ತಿಂಗಳು ಸೆರೆಮನೆ ಎಂದು 1887ರ ಮಾರ್ಚ್‌ನಲ್ಲಿ ಮುಂಬೈ ಹೈಕೋರ್ಟಿನ ನ್ಯಾಯಮೂರ್ತಿ ಫ್ಯಾರನ್ ಆದೇಶಿಸಿದಾಗ, ಇಪ್ಪತ್ತೆರಡರ ಹರೆಯದ ರುಖ್ಮಾಬಾಯಿ ಸೆರೆಮನೆಗೇ ಹೋಗುವುದಾಗಿ ಹೇಳಿದರು. ಬಾಂದ್ರಾದ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನಗೆ ಅದು ಮುಗಿದ ಕಥೆಯಲ್ಲ.

ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೊಡನೆ ಮದುವೆಯಾಗಿದ್ದರೂ ರುಖ್ಮಾಬಾಯಿ ತಾಯಿ ಮತ್ತು ಮಲತಂದೆ ಡಾ. ಸಖಾರಾಮ್ ಅರ್ಜುನ್ ಅವರ ಮನೆಯಲ್ಲೇ ಬೆಳೆದು ಓದಿದರು. ಗಂಡನೊಡನೆ ಸಂಸಾರ ಹೂಡಲೇ ಇಲ್ಲ. ಹೆಂಡತಿ ಬಂದು ತನ್ನೊಡನೆ ಬಾಳುವಂತೆ ಆದೇಶಿಸಬೇಕೆಂದು, ಅಂದರೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎಂಬ ಪರಿಹಾರ ಕೋರಿ, 1884ರಲ್ಲಿ ದಾದಾಜಿ ದಾವೆ ಹಾಕಿದರು. ಮರುವರ್ಷ ಅದನ್ನು ವಜಾ ಮಾಡಿದ ನ್ಯಾಯಮೂರ್ತಿ ಪಿನ್ಹೆಯವರ ತರ್ಕವನ್ನು ಕಿರಿಯ ವಕೀಲರು ಓದಲೇಬೇಕು: ಈ ಪರಿಹಾರ ಇಂಗ್ಲೆಂಡಿನಿಂದ ಬಂದದ್ದು, ಹಿಂದೂ ಧರ್ಮಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ, ಅಲ್ಲದೆ ಕೂಡಿ ಬಾಳಿ ಅಗಲಿದವರಿಗಾಗಿ ಇರುವ ಇದನ್ನು ಎಂದೂ ಕೂಡಿ ಬಾಳದವರ ಮೇಲೆ ಹೇರಿದ ಪೂರ್ವನಿದರ್ಶನವೂ ಇಲ್ಲ. ಮೇಲ್ಮನವಿ ಪೀಠ 1886ರಲ್ಲಿ ಇದನ್ನು ತಳ್ಳಿಹಾಕಿತು. ಪುಣೆಯಲ್ಲಿ ಟಿಳಕರ ಪತ್ರಿಕೆಗಳು ಆಕೆಯ ವಿರುದ್ಧ ನಿಂತವು. ಕೊನೆಗೆ 1888ರಲ್ಲಿ 2,000 ರೂಪಾಯಿ ಪಡೆದು ದಾದಾಜಿ ರಾಜಿಯಾದರು. ರುಖ್ಮಾಬಾಯಿ ಲಂಡನ್ನಿನಲ್ಲಿ ವೈದ್ಯಕೀಯ ಕಲಿತು ಸೂರತ್ ಮತ್ತು ರಾಜಕೋಟೆಗಳಲ್ಲಿ ದಶಕಗಳ ಕಾಲ ಹೆಂಗಸರಿಗೆ ಚಿಕಿತ್ಸೆ ನೀಡಿದರು. ಈ ಮೊಕದ್ದಮೆ ಎಬ್ಬಿಸಿದ ಚರ್ಚೆಯ ನಡುವೆಯೇ 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೇರಿತು.

1955ರ ಸೆಪ್ಟೆಂಬರಿನಲ್ಲಿ ರುಖ್ಮಾಬಾಯಿ ತೀರಿಕೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಜಾರಿಗೆ ಬಂದ ಹಿಂದೂ ವಿವಾಹ ಕಾಯ್ದೆಯ ಕಲಂ 9ರಲ್ಲಿ ಅದೇ ಪರಿಹಾರ ಗಂಡಹೆಂಡಿರಿಬ್ಬರಿಗೂ ದೊರೆಯುವಂತೆ ಸೇರಿತ್ತು. ಆಂಧ್ರಪ್ರದೇಶ ಹೈಕೋರ್ಟು 1983ರಲ್ಲಿ ಅದನ್ನು ಅಸಾಂವಿಧಾನಿಕವೆಂದಿತು; ಆದರೆ ಸುಪ್ರೀಂ ಕೋರ್ಟು 1984ರಲ್ಲಿ ಕಲಂ 9 ಸಾಂವಿಧಾನಿಕವೆಂದು ಎತ್ತಿಹಿಡಿಯಿತು. ನನ್ನ ಮಟ್ಟಿಗೆ ಆಂಧ್ರದ ತೀರ್ಪೇ ಸರಿ.

ಧಾರಾವಿ, ಕುರ್ಲಾ ಕಡೆಯ ನಮ್ಮ ಕನ್ನಡದ ಮನೆಗಳಿಂದ ತಾಯಂದಿರು ಮಗಳ ಹೆಸರಿಗೆ ಬಂದ ಕಲಂ 9ರ ನೋಟಿಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತರುತ್ತಾರೆ. "ಪೊಲೀಸರು ಬಂದು ಎಳಕೊಂಡು ಹೋಗ್ತಾರೇನ್ರಿ ಮೇಡಂ?" ಎಂಬುದೇ ಮೊದಲ ಪ್ರಶ್ನೆ. ಇಲ್ಲ. ಕೂಡಿ ಬಾಳಬೇಕೆಂಬ ನ್ಯಾಯಾಲಯದ ಈ ಡಿಕ್ರಿಯನ್ನು (ಅಂತಿಮ ಆದೇಶವನ್ನು) ಪಾಲಿಸದ್ದಕ್ಕೆ ಈಗ ಯಾರನ್ನೂ ಸೆರೆಗೆ ಹಾಕುವಂತಿಲ್ಲ. ಆಸ್ತಿಯನ್ನು ಜಪ್ತಿ ಮಾಡಬಹುದು, ಮತ್ತು ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಇಬ್ಬರೂ ಕೂಡದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಹೆದರಬೇಕಾದದ್ದು ಸುಮ್ಮನಿರುವುದಕ್ಕೆ. ತಾರೀಖಿಗೆ ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಡಿಕ್ರಿಯಾಗುತ್ತದೆ. ಹೊಡೆತ, ಬೈಗುಳ, ವರದಕ್ಷಿಣೆಯ ಪೀಡನೆ, ಅಂದರೆ ಮನೆ ಬಿಟ್ಟು ಬಂದ ನ್ಯಾಯವಾದ ಕಾರಣ, ದಾಖಲೆಗೆ ಬರುವುದೇ ಇಲ್ಲ. ಜೀವನಾಂಶ ತಪ್ಪಿಸಿಕೊಳ್ಳಲೆಂದೇ ಹಾಕಿದ ಅರ್ಜಿಗಳನ್ನೂ ನಾನು ಕಂಡಿದ್ದೇನೆ. ಆದರೆ ಡಿಕ್ರಿ ಪಾಲಿಸದಿದ್ದರೂ, ಸಾಕಷ್ಟು ಕಾರಣವಿದ್ದರೆ ಹೆಂಡತಿಗೆ ಜೀವನಾಂಶ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಲಿಖಿತ ಉತ್ತರದಲ್ಲಿ ಆ ಕಾರಣವನ್ನು ಒಂದೂ ಬಿಡದೆ, ತಾರೀಖು ಸಹಿತ ಬರೆಸಿರಿ.