ಹರಿಕಾರ ಎಂದರೆ ಓಡಾಡುವ ಆಳು

ಕ್ರಾಂತಿಯ ಹರಿಕಾರ, ಸುಧಾರಣೆಯ ಹರಿಕಾರ, ಅಭಿವೃದ್ಧಿಯ ಹರಿಕಾರ. ಫ್ಲೆಕ್ಸುಗಳ ಮಾತು ಬಿಡಿ, ಅಲ್ಲಿ ಯಾವ ಪದಕ್ಕೂ ಅರ್ಥ ಕೇಳಬಾರದು. ಆದರೆ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಯುದ್ಧಕಾಲದ ಪತ್ರಗಳನ್ನು ಕುರಿತ ಬರಹವೊಂದರಲ್ಲಿ ‘ಹರಿಕಾರರು ತಂದ ವರ್ತಮಾನ’ ಎಂಬಲ್ಲಿ ಹರಿಕಾರರೆಂದರೆ ‘ಮುಂದಾಳುಗಳು’ ಎಂಬ ವಿವರಣೆ ಕಂಡ ಮೇಲೆ ಸುಮ್ಮನಿರುವುದು ಕಷ್ಟ. ಶತ್ರುವಿನ ಬೀಡು ಎಲ್ಲಿದೆಯೆಂದು ನೋಡಿ ಬರಲು ಯಾವ ದಂಡಿನವರೂ ಮುಂದಾಳನ್ನು ಅಟ್ಟುವುದಿಲ್ಲ.

ಪದ ಪಾರಸಿಯದು, ಮೂಲರೂಪ ಹರ್ಕಾರಾ. ಹರ್ ಎಂದರೆ ಪ್ರತಿಯೊಂದು. ‘ಹರ್ ಘರ್ ತಿರಂಗಾ’ದಲ್ಲಿರುವ ಹರ್ ಅದೇ. ಕಾರ್ ಎಂದರೆ ಕೆಲಸ. ಕಾರ್ಖಾನೆ, ಕಾರಕೂನ, ಕಾರುಬಾರು, ಕೊನೆಗೆ ಸರ್ಕಾರ ಕೂಡ ಈ ಕಾರ್‌ನ ಬಳಗವೇ. ಎರಡೂ ಸೇರಿದರೆ, ಹೇಳಿದ ಕೆಲಸವನ್ನೆಲ್ಲ ಮಾಡುವ ಆಳು. ಆ ‘ಎಲ್ಲ’ದಲ್ಲಿ ಕಾಗದ ಒಯ್ಯುವುದು, ಉತ್ತರ ತರುವುದು, ಹೋದ ಕಡೆ ಕಂಡದ್ದು ಕೇಳಿದ್ದನ್ನು ಬಂದು ಒಪ್ಪಿಸುವುದು ಸೇರಿ, ಕ್ರಮೇಣ ಸುದ್ದಿಯೇ ಅವನ ಕಸುಬಾಯಿತು. ಬಂಗಾಳದಲ್ಲಿ ಅಂಚೆಯ ಓಟಗಾರನನ್ನೂ ಹೀಗೆಯೇ ಕರೆದರು. 1795ರಲ್ಲಿ ಕಲ್ಕತ್ತೆಯಲ್ಲಿ ಹೊರಟ ಇಂಗ್ಲಿಷ್ ಪತ್ರಿಕೆಯೊಂದರ ಹೆಸರು ‘ಬೆಂಗಾಲ್ ಹರ್ಕಾರು’. ಸುದ್ದಿ ಹೊತ್ತು ತರುವವನು ಎಂಬ ಅರ್ಥ ಆಗ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಕನ್ನಡದ ಬಾಯಲ್ಲಿ ಒತ್ತು ಸಡಿಲಗೊಂಡು ಹರ್ಕಾರ ಹರಿಕಾರನಾದ. ತೊಂದರೆ ಶುರುವಾದದ್ದು ಆ ‘ಇ’ಕಾರದಿಂದ. ‘ಹರಿ’ ಕಂಡ ಕೂಡಲೇ ಒಬ್ಬರಿಗೆ ವಿಷ್ಣು ನೆನಪಾಗುತ್ತಾನೆ, ಇನ್ನೊಬ್ಬರಿಗೆ ಹರಿಯುವ ನೀರು. ಕೊನೆಯ ‘ಕಾರ’ ಬೇರೆ ಚಿತ್ರಕಾರ, ನಾಟಕಕಾರರ ಪಂಕ್ತಿಯಲ್ಲಿ ಕೂತುಬಿಡುತ್ತದೆ. ಏನನ್ನೋ ರಚಿಸಿದ ದೊಡ್ಡ ಮನುಷ್ಯನಂತೆ ಕೇಳುತ್ತದೆ. ಸಂಸ್ಕೃತದ ನಂಟು ಬೇಕೇ ಬೇಕೆನ್ನುವವರಿಗೆ ನಿಜವಾದದ್ದೇ ಒಂದಿದೆ: ಪಾರಸಿಯ ಕಾರ್ ಮತ್ತು ನಮ್ಮ ಕಾರ್ಯ ಒಂದೇ ಬೇರಿನವು, ಹರ್ ಮತ್ತು ಸರ್ವ ಕೂಡ ಹಾಗೆಯೇ. ಸಂಸ್ಕೃತದ ಸಕಾರ ಇರುವಲ್ಲಿ ಪಾರಸಿಯಲ್ಲಿ ಹಕಾರ ಬರುವುದು ರೂಢಿ. ಸಿಂಧು ಹಿಂದುವಾಯಿತು, ಸಪ್ತದ ಜೊತೆಯದೇ ಪಾರಸಿಯ ಹಫ್ತ. (ವಾರಕ್ಕೊಮ್ಮೆಯ ವಸೂಲಿ ‘ಹಫ್ತಾ’ ಆದದ್ದು ಆ ಏಳು ದಿನಗಳಿಂದ.) ಅಲ್ಲಿಗೆ ಹರ್ಕಾರಾ ಎಂದರೆ ಹೆಚ್ಚುಕಡಿಮೆ ‘ಸರ್ವಕಾರ್ಯ’. ಹರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಇನ್ನು ಆ ಪತ್ರಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅಧಿಕಾರ ವೆಲ್ಲೆಸ್ಲಿಯ ಕೈಗೆ ಬಂತು. ಮರುವರ್ಷ ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯ ವಾಘನ ಬೆನ್ನು ಹತ್ತಿ, ಹರಿಹರದಲ್ಲಿ ತುಂಗಭದ್ರೆ ದಾಟಿ, ಸೆಪ್ಟೆಂಬರ್ 10ರ ಕಾಳಗದಲ್ಲಿ ಅವನನ್ನು ಮುಗಿಸಿದ. ಈ ಕಾಲದ ವೆಲ್ಲೆಸ್ಲಿಯ ಪತ್ರಗಳಲ್ಲಿ ವೀರಾವೇಶ ಹುಡುಕುವವರಿಗೆ ನಿರಾಸೆ ಕಾದಿದೆ. ತುಂಬಿರುವುದು ಅಕ್ಕಿ, ಎತ್ತು, ದೋಣಿ, ಧಾನ್ಯ ಹೊತ್ತು ತರುವ ಬಂಜಾರರು. ಇವೆಲ್ಲ ಅವನ ಕೈಕೆಳಗಿನವರು ಎಣಿಸಿ ಹೇಳಬಹುದಾದ ಸಂಗತಿಗಳು. ಶತ್ರು ಎಲ್ಲಿದ್ದಾನೆ ಎಂಬುದನ್ನು ಹಾಗೆ ಎಣಿಸಲಾಗದು. ಅಲ್ಲಿ ಬರುತ್ತಾನೆ ಹರಿಕಾರ. ‘ಹರಿಕಾರರು ಹೇಳುವಂತೆ’ ಎಂದು ಸೇನಾಪತಿ ಬರೆದರೆ ಅದರಲ್ಲಿ ಒಂದು ಎಚ್ಚರಿಕೆಯೂ ಇದೆ: ಇದು ನಾನು ಕಂಡದ್ದಲ್ಲ, ನೋಡಿ ಬಂದವನು ನಡೆದು ಬರುವಷ್ಟರಲ್ಲಿ ಹಳತಾಗಿರಲೂಬಹುದು. ‘ಮುಂದಾಳುಗಳು’ ಎಂದು ಓದಿದರೆ ಈ ಅನುಮಾನದ ಎಳೆಯೇ ಕಳಚಿಹೋಗುತ್ತದೆ.

ಆ ಎಳೆ ಎಷ್ಟು ಮುಖ್ಯವೆಂದು ತಿಳಿಯಲು 1803ರ ಅಸಾಯೆ ಕಾಳಗ ಸಾಕು. ಮರಾಠಾ ದೊರೆಗಳಾದ ಶಿಂಧೆ, ಭೋಸಲೆಯರ ಸೇನೆ ಭೋಕರ್ದನ್‌ನಲ್ಲಿದೆ ಎಂದು ಹರಿಕಾರರು ಹೇಳಿದ್ದರು. ಬೇರೆ ದಾರಿಯಲ್ಲಿ ಬರುತ್ತಿದ್ದ ಕರ್ನಲ್ ಸ್ಟೀವನ್ಸನ್ನನ ದಂಡನ್ನೂ ಕೂಡಿಕೊಂಡು ಸೆಪ್ಟೆಂಬರ್ 24ರಂದು ಮೇಲೆ ಬೀಳುವ ಯೋಚನೆಯಿತ್ತು. 23ರಂದು ನೋಡಿದರೆ ಶತ್ರು ಎಣಿಸಿದ್ದಕ್ಕಿಂತ ಬಹಳ ಹತ್ತಿರದಲ್ಲಿದ್ದ. ವೆಲ್ಲೆಸ್ಲಿ ಸ್ಟೀವನ್ಸನ್ನನಿಗೆ ಕಾಯದೆ ಅಂದೇ ಕಾದಾಡಿ ಗೆದ್ದ; ಸತ್ತವರು, ಗಾಯಾಳುಗಳು ಸೇರಿ ಅವನ ಕಡೆಯ ನಷ್ಟ ಸುಮಾರು 1,600 ಮಂದಿ. ದಂಡನ್ನು ಎರಡಾಗಿ ಒಡೆದದ್ದೇಕೆಂದು ಆಕ್ಷೇಪಿಸಿದ ಕಂಪನಿಯ ಅಧಿಕಾರಿ ಥಾಮಸ್ ಮನ್ರೋಗೆ ನವೆಂಬರ್ 1ರಂದು ಬರೆದ ಪತ್ರದಲ್ಲಿ ಈ ಗೊಂದಲದ ವಿವರವಿದೆ: ಭೋಕರ್ದನ್ ಎಂಬುದು ಊರಿನ ಹೆಸರೂ ಹೌದು, ಸುತ್ತಲ ಸೀಮೆಯ ಹೆಸರೂ ಹೌದು. ಹರಿಕಾರ ಸೀಮೆಯ ಹೆಸರು ಹೇಳಿದ, ಕೇಳಿದವನು ಊರೆಂದುಕೊಂಡ. ಸುಳ್ಳು ಯಾರೂ ಹೇಳಿರಲಿಲ್ಲ.

ಇಂದಿನ ಅರ್ಥ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಮುಂದೆ ಓಡಿಬಂದು ‘ದಂಡು ಬರುತ್ತಿದೆ’ ಎಂದು ಸಾರುವವನು ಬರಲಿರುವುದರ ಸೂಚಕನಾದ. ಅಲ್ಲಿಯವರೆಗೆ ಒಪ್ಪೋಣ, ಕೋಗಿಲೆ ವಸಂತದ ಹರಿಕಾರ ಎಂದರೆ ತಕರಾರಿಲ್ಲ, ವಸಂತವನ್ನು ಕೋಗಿಲೆ ಹುಟ್ಟಿಸಲಿಲ್ಲ. ಆದರೆ ಚಳವಳಿಯನ್ನು ತಾನೇ ಕಟ್ಟಿ ಬೆಳೆಸಿದವನನ್ನು ಅದರ ಹರಿಕಾರ ಎಂದರೆ, ಕೆಲಸವೆಲ್ಲ ಬೇರೆಯವರದು, ಇವನು ಸುದ್ದಿ ಮುಟ್ಟಿಸಿದ ಎಂದ ಹಾಗಾಯಿತು. ಪ್ರವರ್ತಕ, ಮೊದಲಿಗ ಎಂಬ ಪದಗಳು ಇದ್ದೇ ಇವೆ.

ಹಳೆಯ ಪತ್ರಗಳನ್ನು ಕನ್ನಡಕ್ಕೆ ತರುವವರಾದರೋ ಹರಿಕಾರ ಎಂದೇ ಇಟ್ಟುಕೊಳ್ಳಬಹುದು. ಗೂಢಚಾರ ಎಂದು ತಿದ್ದಿದರೆ ಬಹಿರಂಗವಾಗಿ ಕಾಗದ ಒಯ್ಯುತ್ತಿದ್ದವನು ಹೊರಗುಳಿಯುತ್ತಾನೆ. ಓಲೆಕಾರ ಎಂದು ತಿದ್ದಿದರೆ ಶತ್ರುವಿನ ಬೀಡು ಸುತ್ತಿ ಬಂದವನು ಹೊರಗುಳಿಯುತ್ತಾನೆ.