ಜಾಲತಾಣಗಳು ಕೇಳುವ ‘ಕುಕಿ’ ಎಂದರೇನು? ಆ ಹೆಸರು ಎಲ್ಲಿಂದ ಬಂತು?

ಪ್ರಶ್ನೆ: ಯಾವ ಜಾಲತಾಣ ತೆರೆದರೂ ‘ಕುಕಿಗಳನ್ನು ಒಪ್ಪಿಕೊಳ್ಳಿ’ ಎಂಬ ಚೌಕ ಅಡ್ಡ ಬರುತ್ತದೆ. ತಿನ್ನುವ ಬಿಸ್ಕತ್ತಿನ ಹೆಸರು ಇದಕ್ಕೇಕೆ? ಒಪ್ಪಿದರೆ ಅಪಾಯವೇ?

ಉತ್ತರ: ಜಾಲತಾಣವೊಂದು ನಿಮ್ಮ ಬ್ರೌಸರಿಗೆ ಕೊಟ್ಟು, ಇಟ್ಟುಕೊಂಡಿರು ಎಂದು ಹೇಳುವ ಪುಟ್ಟ ಪಠ್ಯದ ತುಣುಕೇ ಕುಕಿ. ಹೆಚ್ಚೆಂದರೆ ಸುಮಾರು 4 ಕಿಲೋಬೈಟ್ ಗಾತ್ರ. ಅದು ವೈರಸ್ ಅಲ್ಲ. ತಾನಾಗಿ ಏನನ್ನೂ ಮಾಡಲಾರದು. ಮತ್ತೆ ಅದೇ ತಾಣಕ್ಕೆ ಹೋದಾಗ ಬ್ರೌಸರ್ ಆ ತುಣುಕನ್ನು ಇದ್ದಂತೆಯೇ ತೋರಿಸುತ್ತದೆ, ತಾಣಕ್ಕೆ ನಿಮ್ಮ ಗುರುತು ಹತ್ತುತ್ತದೆ.

ಹೆಸರು ಬಂದದ್ದು ಯುನಿಕ್ಸ್ ಎಂಬ ಹಳೆಯ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆಯ ಪ್ರೋಗ್ರಾಮರುಗಳ ಬಳಕೆಯ ಮಾತಿನಿಂದ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೊಡುವ, ಪಡೆದುಕೊಂಡದ್ದಕ್ಕೆ ಅರ್ಥವಾಗಬೇಕಿಲ್ಲದ, ಕೇಳಿದಾಗ ಹಾಗೆಯೇ ಹಿಂದಿರುಗಿಸಬೇಕಾದ ದತ್ತಾಂಶವನ್ನು ಅವರು ‘ಮ್ಯಾಜಿಕ್ ಕುಕಿ’ ಎನ್ನುತ್ತಿದ್ದರು. 1979ರ ಯುನಿಕ್ಸ್ ಕೈಪಿಡಿಯಲ್ಲೇ ಈ ಮಾತಿದೆ. ಸಾಮಾನು ಕಾಯುವ ಕೌಂಟರಿನಲ್ಲಿ ಕೊಡುವ ಟೋಕನ್ನಿನ ಹಾಗೆ: ಅದರ ಮೇಲಿನ ಸಂಖ್ಯೆಯಿಂದ ನಿಮಗೆ ಏನೂ ತಿಳಿಯದು, ಕೊಟ್ಟವರಿಗೆ ಮಾತ್ರ ತಿಳಿಯುತ್ತದೆ.

ಈ ಹೆಸರನ್ನು ವೆಬ್‌ಗೆ ತಂದವರು ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮೊಂಟುಲ್ಲಿ, 1994ರಲ್ಲಿ. ಆಗಿನ ವೆಬ್‌ಗೆ ನೆನಪೆಂಬುದೇ ಇರಲಿಲ್ಲ. ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದರೆ ನೀವು ಮತ್ತೆ ಅಪರಿಚಿತರು. ಹೀಗಿದ್ದರೆ ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ವಸ್ತು ಉಳಿಯುವುದಾದರೂ ಹೇಗೆ? ಪ್ರತಿ ಬ್ರೌಸರಿಗೂ ಒಂದು ಶಾಶ್ವತ ಸಂಖ್ಯೆ ಕೊಡುವುದು ಸುಲಭದ ದಾರಿಯಾಗಿತ್ತು. ಮೊಂಟುಲ್ಲಿ ಅದನ್ನು ಬೇಡವೆಂದರು, ಏಕೆಂದರೆ ಆ ಸಂಖ್ಯೆ ಹಿಡಿದು ಎಲ್ಲ ತಾಣಗಳೂ ಸೇರಿ ಜನರ ಬೆನ್ನು ಹತ್ತಬಹುದಿತ್ತು. ಕೊಟ್ಟ ತಾಣಕ್ಕೆ ಮಾತ್ರ ಮರಳುವ ಕುಕಿಯನ್ನು ಅವರು ರೂಪಿಸಿದ್ದು ಇದಕ್ಕಾಗಿಯೇ. ಇಂದು ಕುಕಿಯೆಂದರೆ ಗೂಢಚರ್ಯೆ ಎಂದು ಹೆದರುವವರು ಈ ಸಂಗತಿಯನ್ನು ತಿಳಿಯಲೇಬೇಕು.

ಬೇಲಿ ಮುರಿದದ್ದು ಜಾಹೀರಾತಿನವರು. ನೀವು ನೋಡುವ ಪುಟದೊಳಗಿನ ಜಾಹೀರಾತು ಬೇರೊಂದು ಕಂಪನಿಯ ಸರ್ವರಿನಿಂದ ಬರುತ್ತದೆ. ಆ ಸರ್ವರ್ ಕೂಡ ತನ್ನ ಕುಕಿಯನ್ನು ಇಡಬಲ್ಲದು. ಅದೇ ಕಂಪನಿಯ ಜಾಹೀರಾತು ಸಾವಿರ ತಾಣಗಳಲ್ಲಿದ್ದರೆ, ಆ ಸಾವಿರ ತಾಣಗಳಲ್ಲೂ ನಿಮ್ಮ ಹೆಜ್ಜೆ ಅದಕ್ಕೆ ಕಾಣುತ್ತದೆ. ಇವೇ ಥರ್ಡ್ ಪಾರ್ಟಿ ಕುಕಿಗಳು. ಇವನ್ನು ಮೊದಲೇ ತಡೆದಿಡಬೇಕೆಂದು 1997ರ ತಾಂತ್ರಿಕ ಮಾನದಂಡ ಹೇಳಿತ್ತು. ಬ್ರೌಸರ್ ಕಂಪನಿಗಳು ಕಿವಿಗೊಡಲಿಲ್ಲ. ಆ್ಯಪಲ್‌ನ ಸಫಾರಿ ಬ್ರೌಸರ್ ಇವನ್ನು ಪೂರ್ತಿ ತಡೆದದ್ದು 2020ರಲ್ಲಿ! ಈ ವಿಳಂಬ ನನಗೆ ಅಕ್ಷಮ್ಯವೆನಿಸುತ್ತದೆ.

ಅಡ್ಡ ಬರುವ ಚೌಕ ಯುರೋಪಿನ ಕಾನೂನಿನ ಕೊಡುಗೆ. ಅನಿವಾರ್ಯವಲ್ಲದ ಕುಕಿ ಇಡುವ ಮುನ್ನ ಒಪ್ಪಿಗೆ ಪಡೆಯಬೇಕೆಂದು 2009ರ ತಿದ್ದುಪಡಿ ವಿಧಿಸಿತು. ಮೊದಲೇ ಟಿಕ್ ಗುರುತು ಹಾಕಿಟ್ಟ ಆಯ್ಕೆಯ ಚೌಕ ಒಪ್ಪಿಗೆಯಾಗದು ಎಂದು ಯುರೋಪಿನ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಲಾಗಿನ್ ಉಳಿಸುವಂತಹ ಅಗತ್ಯ ಕುಕಿಗಳಿಗೆ ಒಪ್ಪಿಗೆ ಬೇಕಿಲ್ಲ.

ಆದ್ದರಿಂದ ‘ಅಗತ್ಯವಾದವು ಮಾತ್ರ’ ಅಥವಾ ‘ಎಲ್ಲವನ್ನೂ ತಿರಸ್ಕರಿಸಿ’ ಎಂಬ ಗುಂಡಿ ಕಂಡರೆ ಹಿಂಜರಿಯದೆ ಒತ್ತಿ. ಸಾಮಾನ್ಯವಾಗಿ ತಾಣ ಎಂದಿನಂತೆಯೇ ನಡೆಯುತ್ತದೆ. ನಿಜವಾಗಿ ಎಚ್ಚರ ಬೇಕಿರುವುದು ಲಾಗಿನ್ ಕುಕಿಯ ವಿಷಯದಲ್ಲಿ. ಅದು ಬೇರೆಯವರ ಕೈಗೆ ಸಿಕ್ಕರೆ ಪಾಸ್‌ವರ್ಡ್ ಇಲ್ಲದೆಯೂ ಅವರು ನಿಮ್ಮ ಖಾತೆಯೊಳಗೆ ನುಗ್ಗಬಹುದು. ಬೇರೆಯವರ ಕಂಪ್ಯೂಟರ್ ಬಳಸಿದಾಗ ಕಿಟಕಿ ಮುಚ್ಚಿದರೆ ಸಾಲದು, ಲಾಗೌಟ್ ಮಾಡಿಯೇ ಏಳಿ.