ಮೈನಿಂಗ್ ನಿಂತಿದ್ದಕ್ಕೇ ಡೆಂಪೊ ಮುಳುಗಿತಾ?

ಕಾರವಾರದಲ್ಲಿ ಫುಟ್‌ಬಾಲ್ ಮಾತು ಶುರುವಾದರೆ ಅದು ಬೆಂಗಳೂರಿಗೆ ಹೋಗುವುದಿಲ್ಲ, ಸೀದಾ ಮಡಗಾಂವ್‌ಗೆ ಹೋಗುತ್ತದೆ. ಕಾಳಿ ನದಿ ದಾಟಿ, ಮಾಜಾಳಿ ಚೆಕ್‌ಪೋಸ್ಟ್ ಕಳೆದರೆ ಗೋವಾ. ಕಾಣಕೋಣದ ಮೇಲೆ ಹಾದು ಮಡಗಾಂವ್ ಮುಟ್ಟಿದರೆ ಪಕ್ಕದಲ್ಲೇ ಫಾತೋರ್ಡಾ ಸ್ಟೇಡಿಯಂ. ಸುಮಾರು 70 ಕಿಲೋಮೀಟರ್ ಅಷ್ಟೆ. ಬೆಂಗಳೂರಿನಲ್ಲಿ ಮ್ಯಾಚ್ ನೋಡಬೇಕೆಂದರೆ ಘಟ್ಟ ಹತ್ತಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಹಾಗಾಗಿ ನಮ್ಮ ವಯಸ್ಸಿನವರಿಗೆ ‘ನಮ್ಮ ಟೀಮ್’ ಅಂದರೆ ಗೋವಾದ ಟೀಮೇ. ನನಗಂತೂ ಡೆಂಪೊ.

ಆ ಡೆಂಪೊ ಎಲ್ಲಿ ಹೋಯಿತು ಅಂತ ಯಾರಾದರೂ ಕೇಳಿದರೆ ಚಹಾದಂಗಡಿಯಲ್ಲಿ ಒಂದೇ ಉತ್ತರ ಸಿಗುತ್ತದೆ. ಮೈನಿಂಗ್ ಬಂದ್ ಆಯ್ತು, ಟೀಮೂ ಹೋಯ್ತು. ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಲೆಕ್ಕ ಕೂಡುವುದಿಲ್ಲ.

ಮೊದಲು ಈ ದುಡ್ಡಿನ ಕತೆ. ಗೋವಾಕ್ಕೆ ಫುಟ್‌ಬಾಲ್ ತಂದವರು ಪೋರ್ಚುಗೀಸರು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಲ್ಲಿಯವರು ಹೇಳುವ ಪ್ರಕಾರ 1883ರಲ್ಲಿ ಶಿವೋಲಿಗೆ ಬಂದಿದ್ದ ವಿಲಿಯಂ ಲಯನ್ಸ್ ಎಂಬ ಪಾದ್ರಿ ಶಾಲೆಯ ಹುಡುಗರಿಗೆ ಈ ಆಟ ಕಲಿಸಿದರು. ಆಮೇಲೆ ಅದು ಚರ್ಚಿನ ಅಂಗಳಕ್ಕೆ, ಕೊಯ್ಲು ಮುಗಿದ ಗದ್ದೆಗೆ ಇಳಿಯಿತು. ಆದರೆ ಗದ್ದೆಯಲ್ಲಿ ಆಡಿದರೆ ಹೊಟ್ಟೆ ತುಂಬುತ್ತದಾ? ಆ ದಾರಿ ತೆರೆದಿದ್ದು ಅದಿರು. 1950ರ ದಶಕದಲ್ಲಿ ಗೋವಾದ ಕಬ್ಬಿಣದ ಅದಿರು ಹಡಗು ಹಡಗು ಜಪಾನಿಗೆ ಹೋಗತೊಡಗಿತು. ಗಣಿ ಮನೆತನಗಳ ಕೈಯಲ್ಲಿ ದುಡ್ಡು ಓಡಾಡಿತು. 1956ರಲ್ಲಿ ವಾಸ್ಕೊದಲ್ಲಿ ಸಾಲಗಾಂವಕರ್ ಕ್ಲಬ್ ಹುಟ್ಟಿತು. ಡೆಂಪೊ ಬಂದಿದ್ದು 60ರ ದಶಕದ ಕೊನೆಯ ಹೊತ್ತಿಗೆ. ಕಂಪನಿಯ ಹೆಸರೇ ಟೀಮಿನ ಹೆಸರು. ಚೆನ್ನಾಗಿ ಆಡುವ ಹುಡುಗನಿಗೆ ಕಂಪನಿಯಲ್ಲಿ ಕೆಲಸ, ಸಂಜೆ ಪ್ರಾಕ್ಟೀಸ್. ಮನೆಯವರಿಗೂ ಅಷ್ಟೇ ಬೇಕಿತ್ತು.

ಅದಿರಿನ ದುಡ್ಡು ಅಂದರೆ ಏನು ಅಂತ ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಳ್ಳಾರಿ-ಹೊಸಪೇಟೆಯ ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೆಕೇರಿಗೆ ಸಾಲುಗಟ್ಟಿ ಬರುತ್ತಿದ್ದ ದಿನಗಳು ನೆನಪಿವೆ. ರಸ್ತೆ ಬದಿಯ ಮರದ ಎಲೆಯೂ ಕೆಂಪು, ಒಣಗಲು ಹಾಕಿದ ಬಟ್ಟೆಯೂ ಕೆಂಪು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಆ ಕೆಂಪು ದುಡ್ಡು ನಮ್ಮೂರುಗಳ ಮೂಲಕವೇ ಹಾದು ಹೋಯಿತು, ಆದರೆ ಈ ಕರಾವಳಿಯಲ್ಲಿ ಒಂದು ವೃತ್ತಿಪರ ಟೀಮನ್ನೂ ಬಿಟ್ಟು ಹೋಗಲಿಲ್ಲ. ಗೋವಾದಲ್ಲಿ ಅದರ ಒಂದು ಪಾಲಾದರೂ ಮೈದಾನಕ್ಕೆ ಬಿತ್ತು. ನನಗೆ ಈ ಹೊಟ್ಟೆಕಿಚ್ಚು ಇನ್ನೂ ಇದೆ.

ಇಡೀ ದೇಶಕ್ಕೆ ಒಂದು ಲೀಗ್ ಅಂತ ಶುರುವಾಗಿದ್ದು 1996ರಲ್ಲಿ. ಅದನ್ನು ಗೆದ್ದ ಗೋವಾದ ಮೊದಲ ಕ್ಲಬ್ ಸಾಲಗಾಂವಕರ್, 1998-99ರಲ್ಲಿ. ಆಗ ಡೆಂಪೊ ಹೆಸರು ಅಷ್ಟಾಗಿ ಕೇಳುತ್ತಿರಲಿಲ್ಲ. 2000ದ ಹೊತ್ತಿಗೆ ಅರ್ಮಾಂಡೊ ಕೊಲಾಸೊ ಕೋಚ್ ಆಗಿ ಬಂದರು. ಆಮೇಲೆ ಹದಿಮೂರು ವರ್ಷ ಅಲ್ಲೇ ಕೂತರು. ನಮ್ಮ ದೇಶದಲ್ಲಿ ನಾಲ್ಕು ಮ್ಯಾಚ್ ಸೋತರೆ ಕೋಚ್ ಮನೆಗೆ ಹೋಗುತ್ತಾನೆ. ಒಬ್ಬನೇ ಮನುಷ್ಯನನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದೇ ಡೆಂಪೊದ ಗುಟ್ಟು ಅಂತ ನನಗೆ ಅನ್ನಿಸುತ್ತದೆ. ಮಹೇಶ್ ಗವಳಿ, ಸಮೀರ್ ನಾಯ್ಕ್, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡಾ. ವರ್ಷಗಟ್ಟಲೆ ಅದೇ ಹೆಸರುಗಳು. ಕಾರವಾರದಲ್ಲಿ ಕೂತು ಗವಳಿ, ನಾಯ್ಕ್ ಅಂತ ಕೇಳಿದರೆ ಪಕ್ಕದ ಓಣಿಯ ಹುಡುಗರೇ ಅನ್ನಿಸುತ್ತಿತ್ತು.

ಆ ಟೀಮಿನ ದೊಡ್ಡ ನೋವು ನಡೆದಿದ್ದು ನಮ್ಮ ರಾಜ್ಯದಲ್ಲೇ. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಫೆಡರೇಷನ್ ಕಪ್ ಫೈನಲ್. ಎದುರಿಗೆ ಮೋಹನ್ ಬಾಗಾನ್. ಬ್ರೆಜಿಲಿನ ಕ್ರಿಸ್ಟಿಯಾನೊ ಜೂನಿಯರ್ ಡೆಂಪೊಗೆ ಬಂದು ಜಾಸ್ತಿ ದಿನ ಆಗಿರಲಿಲ್ಲ. ಎರಡೂ ಗೋಲು ಅವನದೇ. ಎರಡನೇ ಗೋಲು ಹೊಡೆಯುವಾಗ ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಮತ್ತೆ ಏಳಲಿಲ್ಲ. 25 ವರ್ಷ. ಡೆಂಪೊ 2-0ರಿಂದ ಕಪ್ ಗೆದ್ದಿತು. ಅವನ ಹತ್ತನೇ ನಂಬರಿನ ಜೆರ್ಸಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಅಂತ ಕ್ಲಬ್ ಹೇಳಿತು. ಅದೇ ಸೀಸನ್‌ನಲ್ಲಿ ಲೀಗನ್ನೂ ಗೆದ್ದರು, ಮೊದಲ ಸಲ.

ಆಮೇಲೆ ಗೆಲುವಿನ ಸಾಲು. 2006-07, 2007-08, 2009-10, 2011-12. ಒಟ್ಟು ಐದು ಸಲ ದೇಶದ ಚಾಂಪಿಯನ್. 2008ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ವರೆಗೆ ಹೋಗಿ ಲೆಬನಾನಿನ ಸಫಾ ಎದುರು ನಿಂತರು. 2009-10ರ ಟೀಮಿನಲ್ಲಿ ಸುನಿಲ್ ಚೆಟ್ರಿ ಕೂಡ ಇದ್ದರು. ಇವತ್ತಿನ ಬೆಂಗಳೂರು ಎಫ್‌ಸಿ ಅಭಿಮಾನಿಗಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ. ಇನ್ನು ನೈಜೀರಿಯಾದ ರಾಂಟಿ ಮಾರ್ಟಿನ್ಸ್. 2011-12ರ ಒಂದೇ ಸೀಸನ್‌ನಲ್ಲಿ 32 ಗೋಲು! ಬಾಲ್ ರಾಂಟಿ ಕಾಲಿಗೆ ಹೋದರೆ ಸ್ಟ್ಯಾಂಡಿನಲ್ಲಿ ಕೂತವರು ರೋಸ್ ಆಮ್ಲೆಟ್ ತಟ್ಟೆ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು.

ಡೆಂಪೊ ಒಂದೇ ಅಲ್ಲ. 2007ರಲ್ಲಿ ದೇಶದ ಲೀಗಿಗೆ ಐ-ಲೀಗ್ ಅಂತ ಹೆಸರು ಬದಲಾದ ಮೇಲೆ ಮೊದಲ ಆರು ಸೀಸನ್‌ಗಳನ್ನೂ ಗೋವಾದ ಕ್ಲಬ್‌ಗಳೇ ಗೆದ್ದವು. ಡೆಂಪೊ ಮೂರು, ಚರ್ಚಿಲ್ ಬ್ರದರ್ಸ್ ಎರಡು, ಸಾಲಗಾಂವಕರ್ ಒಂದು. ಅಷ್ಟು ಸಣ್ಣ ರಾಜ್ಯ, ಕೋಲ್ಕತ್ತದ ದೊಡ್ಡ ಕ್ಲಬ್‌ಗಳು ಸುಮ್ನೆ ನೋಡುತ್ತಾ ಕೂತಿದ್ದವು.

ಈಗ ಚಹಾದಂಗಡಿಯ ಉತ್ತರಕ್ಕೆ ಬರೋಣ. ಗೋವಾದಲ್ಲಿ ಗಣಿಗಾರಿಕೆ ನಿಂತಿದ್ದು 2012ರ ಸೆಪ್ಟೆಂಬರ್‌ನಲ್ಲಿ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಕೂಡ ತಡೆ ಹಾಕಿತು. ಆದರೆ ಡೆಂಪೊ ಮನೆತನ ತನ್ನ ಗಣಿ ವ್ಯವಹಾರವನ್ನು 2009ರಲ್ಲೇ ಸೇಸಾ ಗೋವಾಕ್ಕೆ 1,750 ಕೋಟಿ ರೂಪಾಯಿಗೆ ಮಾರಿಯಾಗಿತ್ತು. ಗಣಿ ಮಾರಿದ ಮೇಲೂ ಟೀಮ್ ಎರಡು ಸಲ ಚಾಂಪಿಯನ್ ಆಯಿತು. ತಡೆ ಬಿದ್ದ ಸೀಸನ್‌ನಲ್ಲಿ ಕಪ್ ಎತ್ತಿದ್ದು ಮತ್ತೆ ಗೋವಾದ್ದೇ, ಚರ್ಚಿಲ್. ಕಂಪನಿಗಳ ಕೈ ಬಿಗಿಯಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕೊಡಲಿ ಬೀಸಿದ್ದು ಬೇರೆ ಕಡೆಯಿಂದ.

ಅದರ ಬೇರು 2010ರ ಡಿಸೆಂಬರ್‌ನಲ್ಲಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಐಎಂಜಿ-ರಿಲಯನ್ಸ್ ಜೊತೆ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ಒಪ್ಪಂದ ಮಾಡಿಕೊಂಡಿತು. ಅದರಿಂದ 2014ರಲ್ಲಿ ಹುಟ್ಟಿದ್ದು ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್. ಗೋವಾಕ್ಕೆ ಎಫ್‌ಸಿ ಗೋವಾ ಅಂತ ಹೊಸ ಟೀಮ್ ಬಂತು. ಕೋಚ್ ಝೀಕೊ, ಜಾಹೀರಾತಿಗೆ ವಿರಾಟ್ ಕೊಹ್ಲಿ. ಟೀಮಿನ ಗುರುತು ಗೌರ್, ಅಂದರೆ ನಮ್ಮ ಕಾಡುಕೋಣ. ಮಾಲೀಕರ ಪಟ್ಟಿ ನೋಡಿದರೆ ಅದರಲ್ಲಿ ಡೆಂಪೊ ಮನೆತನದವರೂ ಇದ್ದರು, ಸಾಲಗಾಂವಕರ್ ಮನೆತನದವರೂ ಇದ್ದರು. ದಶಕಗಟ್ಟಲೆ ಎದುರುಬದುರು ನಿಂತವರು ಒಂದೇ ಟೀಮಿನ ಪಾಲುದಾರರು. ಹಳೆಯ ಟೀಮುಗಳೂ ಅವರವೇ. ಎರಡು ದೋಣಿಯಲ್ಲಿ ಕಾಲಿಟ್ಟರೆ ಯಾವುದರಿಂದ ಕಾಲು ತೆಗೆಯುತ್ತಾರೆ ಅಂತ ಊಹಿಸುವುದು ಕಷ್ಟವೇನಲ್ಲ.

2014-15ರಲ್ಲಿ ಡೆಂಪೊ ಐ-ಲೀಗ್‌ನಿಂದ ಕೆಳಗಿನ ಡಿವಿಷನ್‌ಗೆ ಇಳಿಯಿತು. ಮರುವರ್ಷವೇ ಅಲ್ಲಿ ಗೆದ್ದು ಮೇಲೆ ಬರುವ ಹಕ್ಕು ಸಂಪಾದಿಸಿತು. ನಾವು ಮತ್ತೆ ಫಾತೋರ್ಡಾಕ್ಕೆ ಹೋಗುವ ಲೆಕ್ಕ ಹಾಕುತ್ತಿದ್ದೆವು. ಅಷ್ಟರಲ್ಲಿ 2016ರಲ್ಲಿ ಫೆಡರೇಷನ್ ಒಂದು ಯೋಜನೆ ಮುಂದಿಟ್ಟಿತು. ಐಎಸ್‌ಎಲ್ ಮೇಲೆ, ಐ-ಲೀಗ್ ಅದರ ಕೆಳಗೆ. ಕೆಳಗೆ ಗೆದ್ದವರಿಗೆ ಮೇಲೆ ಹೋಗುವ ದಾರಿ ಇಲ್ಲ. ಹಾಗಾದರೆ ಆಡುವುದು ಯಾಕೆ? ಸಾಲಗಾಂವಕರ್, ಸ್ಪೋರ್ಟಿಂಗ್ ಕ್ಲಬ್ ಡಿ ಗೋವಾ, ಡೆಂಪೊ, ಮೂರೂ ಹೊರಗೆ ಬಂದವು. ಗೆದ್ದು ತಂದ ಟಿಕೆಟನ್ನು ಡೆಂಪೊ ಬಳಸಲೇ ಇಲ್ಲ. ಐ-ಲೀಗ್‌ನಲ್ಲಿ ಗೋವಾಕ್ಕೆ ಉಳಿದಿದ್ದು ಚರ್ಚಿಲ್ ಮಾತ್ರ. ಫೆಡರೇಷನ್ ಮಾಡಿದ್ದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಮಾಲೀಕರೂ ಜಾಸ್ತಿ ಹೋರಾಡಲಿಲ್ಲ ಅನ್ನುವುದೂ ಅಷ್ಟೇ ನಿಜ. ಕಂಪನಿಯ ಕಿಸೆಯಲ್ಲಿ ಹುಟ್ಟಿದ ಟೀಮ್ ಕಂಪನಿಯ ಒಂದು ಪತ್ರದಲ್ಲಿ ಮುಗಿಯುತ್ತದೆ, ಅಲ್ವಾ?

ಈ ನಡುವೆ ನಮ್ಮ ಹುಡುಗರು ಎಫ್‌ಸಿ ಗೋವಾದ ಕಡೆ ವಾಲಿದರು. 2015ರ ಡಿಸೆಂಬರ್ 20ರ ಐಎಸ್‌ಎಲ್ ಫೈನಲ್ ಫಾತೋರ್ಡಾದಲ್ಲೇ ಇತ್ತು. ಚೆನ್ನೈಯಿನ್ ಎದುರು ಕೊನೆಯ ನಿಮಿಷಗಳವರೆಗೆ ಗೋವಾ 2-1ರಲ್ಲಿ ಮುಂದಿತ್ತು. ಆಗ ಬಾಲ್ ಗೋವಾದ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟೀಮನಿಗೆ ತಾಗಿ ಒಳಗೆ ಹೋಯಿತು. ಹಿಂದೆಯೇ ಇನ್ನೊಂದು ಗೋಲು. 3-2, ಎಲ್ಲಾ ಮುಗಿಯಿತು. ಕಟ್ಟೀಮನಿ ಡೆಂಪೊದಲ್ಲೂ ಆಡಿದವರು. ಹೆಸರಿನಲ್ಲೇ ಧಾರವಾಡದ ಕಡೆಯ ವಾಸನೆ ಇರುವುದರಿಂದ ನಮಗೆ ಇನ್ನೂ ಒಂದು ಕೈ ಜಾಸ್ತಿ ಬೇಜಾರು. ಆದರೆ 2022ರಲ್ಲಿ ಅದೇ ಫಾತೋರ್ಡಾದಲ್ಲಿ, ಅದೇ ಐಎಸ್‌ಎಲ್ ಫೈನಲ್‌ನಲ್ಲಿ, ಹೈದರಾಬಾದ್ ಪರ ನಿಂತು ಮೂರು ಪೆನಾಲ್ಟಿ ತಡೆದು ಕಪ್ ಗೆಲ್ಲಿಸಿದರು. ಅವತ್ತು ಹೈದರಾಬಾದ್ ಗೆದ್ದಿದ್ದಕ್ಕೆ ಕಾರವಾರದಲ್ಲಿ ಖುಷಿಪಟ್ಟವರು ನಾವೇ ಇರಬೇಕು.

2019ರ ಫೈನಲ್ ಇನ್ನೊಂದು ಪೇಚು. ಗೋವಾ ಎದುರು ಬೆಂಗಳೂರು. ಭಾಷೆ ಒಂದು ಕಡೆ ಎಳೆದರೆ ಅಭ್ಯಾಸ ಇನ್ನೊಂದು ಕಡೆ. 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಲ್ಲಿ ಹೊಡೆದ ಗೋಲಿಗೆ ನಮ್ಮ ಮನೆಯಲ್ಲಿ ಒಬ್ಬ ಕುಣಿದ, ಒಬ್ಬ ಟೀವಿ ಆಫ್ ಮಾಡಿದ. ಟೀವಿ ಆಫ್ ಮಾಡಿದ್ದು ನಾನು.

ಡೆಂಪೊ ಪೂರ್ತಿ ಸತ್ತಿರಲಿಲ್ಲ. ಗೋವಾದ ಲೀಗ್‌ನಲ್ಲಿ ಆಡುತ್ತಾ, ಸಣ್ಣ ಹುಡುಗರನ್ನು ತಯಾರು ಮಾಡುತ್ತಾ ಇತ್ತು. 2022-23ರಿಂದ ಐ-ಲೀಗ್ ಗೆದ್ದವರಿಗೆ ಐಎಸ್‌ಎಲ್ ಬಾಗಿಲು ತೆರೆಯಿತು. ಪಂಜಾಬ್ ಎಫ್‌ಸಿ ಹಾಗೆಯೇ ಮೇಲೆ ಹೋಯಿತು. ದಾರಿ ಕಂಡ ಮೇಲೆ ಡೆಂಪೊ ಮತ್ತೆ ಹೊರಟಿತು. ಐ-ಲೀಗ್ 2ರಲ್ಲಿ ಎರಡನೇ ಸ್ಥಾನ ಪಡೆದು 2024-25ರ ಐ-ಲೀಗ್‌ಗೆ ಬಂತು. ಆ ಸುದ್ದಿ ಬಂದ ದಿನ ಚಹಾದಂಗಡಿಯಲ್ಲಿ ಹೇಳಿದೆ. ‘ಹೌದಾ, ಯಾರ್ಯಾರು ಇದ್ದಾರೆ ಟೀಮಿನಲ್ಲಿ?’ ಅಂತ ಕೇಳಿದರು. ನನಗೆ ಒಂದು ಹೆಸರೂ ಬರಲಿಲ್ಲ. ಅಲ್ಲಿದ್ದ ಯಾರಿಗೂ ಬರಲಿಲ್ಲ. ಅಂಗಡಿಯವನೇ ಗ್ಲಾಸು ತೊಳೆಯುತ್ತಾ, ‘ರಾಂಟಿ ಈಗ ಎಲ್ಲಿದ್ದಾನೆ?’ ಅಂದ.